ಗ್ರೀನ್ ಕಾರ್ಡ್ ಸಾಲಿನ ಶೇ 7ರ ಗೆರೆ: ಅಳಿಸಬೇಕೇ?

ಅಮೆರಿಕದಲ್ಲಿ ಕಾಯಂ ನೆಲೆಸಲು ಕೊಡುವ ಗ್ರೀನ್ ಕಾರ್ಡುಗಳಲ್ಲಿ ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ವರ್ಷಕ್ಕೆ ಶೇ 7ರ ಮಿತಿ ಇದೆ. ಈ ಗೆರೆ ಇರಬೇಕೇ ಎಂಬುದು ಪ್ರಶ್ನೆ.

ಪರ: ಹುಟ್ಟೂರು ಅರ್ಹತೆಯಲ್ಲ

ಒಂದೇ ಕಂಪನಿ, ಒಂದೇ ತಂಡ, ಒಂದೇ ಸಂಬಳ. ಒಬ್ಬರು ಉಡುಪಿಯಲ್ಲಿ ಹುಟ್ಟಿದವರು. ಇನ್ನೊಬ್ಬರ ಅಪ್ಪ-ಅಮ್ಮನೂ ಉಡುಪಿಯವರೇ, ಆದರೆ ಅಪ್ಪ ಕುವೈತ್‌ನಲ್ಲಿ ನೌಕರಿಯಲ್ಲಿದ್ದಾಗ ಅಲ್ಲಿ ಹುಟ್ಟಿದವರು. ಇಬ್ಬರದೂ ಭಾರತದ ಪಾಸ್‌ಪೋರ್ಟ್. ಆದರೂ ಅಮೆರಿಕದ ಗ್ರೀನ್ ಕಾರ್ಡ್ ಲೆಕ್ಕದಲ್ಲಿ ಮೊದಲನೆಯವರು ಭಾರತದ ಸಾಲಿಗೆ, ಎರಡನೆಯವರು ಕುವೈತ್ ಲೆಕ್ಕಕ್ಕೆ. ಕಾನೂನು ನೋಡುವುದು ಪೌರತ್ವವನ್ನಲ್ಲ, ಹೆರಿಗೆಯಾದ ಊರನ್ನು. ಅವರಿಬ್ಬರೂ ಮದುವೆಯಾದರಂತೂ ಉಡುಪಿಯವರೂ ಸಂಗಾತಿಯ ಹುಟ್ಟೂರಿನ ಲೆಕ್ಕದಲ್ಲೇ ದಾಟಿಬಿಡಬಹುದು! ಪ್ರತಿಭೆ ಅಳೆಯುತ್ತೇವೆ ಎನ್ನುವ ವ್ಯವಸ್ಥೆಯ ಕಥೆ ಇದು.

1990ರ ಕಾಯ್ದೆ ಉದ್ಯೋಗ ವರ್ಗಕ್ಕೆ ವರ್ಷಕ್ಕೆ ಇಟ್ಟದ್ದು 1,40,000 ಕಾರ್ಡು. ಸ್ನಾತಕೋತ್ತರ ಪದವಿಯವರ ಇಬಿ-2 ವರ್ಗಕ್ಕೆ ಅದರ ಶೇ 28.6, ಅಂದರೆ 40,040. ಒಂದು ದೇಶಕ್ಕೆ ಶೇ 7ರಂತೆ ಸುಮಾರು 2,803. ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಇದರೊಳಗೇ ಎಣಿಕೆ. ನಾಲ್ವರ ಸಂಸಾರಗಳೇ ಬಂದರೆ ಏಳುನೂರು ಮನೆಗಳಿಗೆ ಮುಗಿಯಿತು. ಐಸ್‌ಲ್ಯಾಂಡಿಗೂ ಇದೇ ಅಳತೆ, ಭಾರತಕ್ಕೂ ಇದೇ. ಯಾವ ದಿನಾಂಕದವರೆಗಿನ ಅರ್ಜಿಗಳಿಗೆ ಸರದಿ ಬಂದಿದೆ ಎಂದು ಅಮೆರಿಕ ಸರ್ಕಾರ ತಿಂಗಳು ತಿಂಗಳು ಹೇಳುವ ವೀಸಾ ಬುಲೆಟಿನ್‌ಗಳಲ್ಲಿ, 2025ರಲ್ಲಿ ಭಾರತದ ಇಬಿ-2 ಅಂತಿಮ ದಿನಾಂಕ 2012-13ರ ಆಸುಪಾಸಿನಲ್ಲೇ ತೆವಳುತ್ತಿತ್ತು.

ಕಾಯುವುದೆಂದರೆ ಸುಮ್ಮನೆ ಕೂರುವುದಲ್ಲ. ತಾತ್ಕಾಲಿಕ ಕೆಲಸದ ವೀಸಾ ಎಚ್-1ಬಿಯ ಆರು ವರ್ಷ ಮುಗಿದ ಮೇಲೆ, ಐ-140 (ನೌಕರನಿಗಾಗಿ ಕಂಪನಿ ಹಾಕುವ ಗ್ರೀನ್ ಕಾರ್ಡ್ ಅರ್ಜಿ) ಮಂಜೂರಾಗಿದ್ದರೆ ಮೂರು ಮೂರು ವರ್ಷದಂತೆ ವಿಸ್ತರಣೆ. ಕಂಪನಿ ಬದಲಿಸಿದರೆ ಪ್ರಯಾರಿಟಿ ಡೇಟ್ (ಸಾಲಿನಲ್ಲಿ ಸ್ಥಾನ ಹಿಡಿದ ದಿನಾಂಕ) ಉಳಿದೀತು, ಪರ್ಮ್ (ಆ ಕೆಲಸಕ್ಕೆ ಅಮೆರಿಕದವರು ಸಿಗಲಿಲ್ಲ ಎಂಬ ಕಾರ್ಮಿಕ ಇಲಾಖೆಯ ಪ್ರಮಾಣಪತ್ರ) ಮಾತ್ರ ಮೊದಲಿನಿಂದ: ಸರ್ಕಾರ ಸಂಬಳ ನಿಗದಿ ಮಾಡಬೇಕು, ಎರಡು ಭಾನುವಾರ ಪತ್ರಿಕೆಯಲ್ಲಿ ಜಾಹೀರಾತು, 30 ದಿನ ಸರ್ಕಾರಿ ಉದ್ಯೋಗ ಕಚೇರಿಯಲ್ಲಿ ಜಾಬ್ ಆರ್ಡರ್ (ಹುದ್ದೆಯ ಪ್ರಕಟಣೆ), ಆಮೇಲೆ ಮತ್ತೆ ಐ-140. ಕಾರ್ಡಿಗಾಗಿ ನೌಕರರೇ ಹಾಕುವ ಕೊನೆಯ ಅರ್ಜಿ ಐ-485 ಹಾಕಿ 180 ದಿನ ಕಳೆದವರು ಅದೇ ಬಗೆಯ ಬೇರೆ ಕೆಲಸಕ್ಕೆ ಸಲೀಸಾಗಿ ಹೋಗಬಹುದು. ಆದರೆ ತಮ್ಮ ಡೇಟಿನ ಸರದಿ ಬಾರದೆ ಐ-485 ಹಾಕುವಂತೆಯೇ ಇಲ್ಲ. ಕೆಲಸ ಹೋಯಿತೋ, ಕೈಯಲ್ಲಿರುವುದು ಹೆಚ್ಚೆಂದರೆ 60 ದಿನ.

ಮಕ್ಕಳ ವಯಸ್ಸಿನ ಲೆಕ್ಕ ಇನ್ನೂ ವಿಚಿತ್ರ. 21 ತುಂಬಿದರೆ ಅಪ್ಪ-ಅಮ್ಮನ ಅರ್ಜಿಯಿಂದ ಹೊರಗೆ. ಡೇಟ್ ಬಂದ ದಿನದ ವಯಸ್ಸಿನಿಂದ, ಐ-140 ಪರಿಶೀಲನೆಯಲ್ಲಿದ್ದಷ್ಟು ದಿನ ಕಳೆಯಲು ಕಾನೂನು ಬಿಡುತ್ತದೆ. ಬೇಗ ಪರಿಶೀಲಿಸಲೆಂದು ಪ್ರೀಮಿಯಂ ಶುಲ್ಕ ಕಟ್ಟಿ 15 ಕೆಲಸದ ದಿನಗಳಲ್ಲಿ ಮಂಜೂರಾತಿ ಪಡೆದವರಿಗೆ ಕಳೆಯಲು ಸಿಗುವುದು ಮೂರು ವಾರ. ದುಡ್ಡು ಕೊಟ್ಟು ಮಗುವಿನ ರಿಯಾಯಿತಿಯನ್ನೇ ಕಳೆದುಕೊಂಡಂತೆ. ಬೇರೆ ದೇಶದಲ್ಲಿ ಹುಟ್ಟಿದವರ ಮನೆಯಲ್ಲಿ ಈ ಲೆಕ್ಕ ಹಾಕುವ ಪ್ರಸಂಗ ಬರುವುದೇ ಅಪರೂಪ. ಗೆರೆ ಅಳಿಸಿ, ಮೊದಲು ಅರ್ಜಿ ಹಾಕಿದವರಿಗೆ ಮೊದಲು ಕಾರ್ಡು ಸಿಗಲಿ.

ವಿರೋಧ: ಸಾಲು ಸರಿದೀತು, ಕರಗದು

ಕುವೈತ್ ಉದಾಹರಣೆ ಚುಚ್ಚುತ್ತದೆ, ನಿಜ. ಆದರೆ ಗೆರೆ ಅಳಿಸಿದರೆ ಒಂದೇ ಒಂದು ಕಾರ್ಡೂ ಹೆಚ್ಚಾಗುವುದಿಲ್ಲ. 2019ರ ಜುಲೈಯಲ್ಲಿ ಅಮೆರಿಕದ ಕೆಳಮನೆ 365-65 ಮತಗಳಿಂದ ಒಪ್ಪಿದ, ಈ ಗೆರೆ ಅಳಿಸುವ ಮಸೂದೆ, 2020ರ ಡಿಸೆಂಬರ್‌ನಲ್ಲಿ ಸೆನೆಟ್ ಒಪ್ಪಿದ ಅದರ ಬೇರೊಂದು ರೂಪ, ಎರಡರಲ್ಲೂ ವಾರ್ಷಿಕ ಸಂಖ್ಯೆ ಇದ್ದಲ್ಲೇ ಇತ್ತು. ಎರಡೂ ಸದನಗಳು ಒಂದೇ ಪಠ್ಯಕ್ಕೆ ಬಾರದೆ ಅದು ಬಿದ್ದುಹೋಯಿತು. ಅಲ್ಲಿನ ಸಂಸತ್ತಿನದೇ ಸಂಶೋಧನಾ ವಿಭಾಗ 2020ರಲ್ಲಿ ಲೆಕ್ಕ ಹಾಕಿ ಹೇಳಿದ್ದೂ ಇದನ್ನೇ: ಒಟ್ಟು ಬಾಕಿ ಅಷ್ಟೇ ಉಳಿಯುತ್ತದೆ, ಕಾಯುವವರು ಬದಲಾಗುತ್ತಾರೆ.

ಯಾರು ಆ ಹೊಸಬರು? ಪದವೀಧರರು ಮತ್ತು ಕುಶಲ ಕೆಲಸಗಾರರ ಇಬಿ-3 ವರ್ಗದಲ್ಲಿ ಬರುವ ಮನಿಲಾದ ನರ್ಸ್ ಒಬ್ಬರು. ಕೊರತೆಯ ವೃತ್ತಿ ಎಂದು ನರ್ಸ್‌ಗಳಿಗೆ ಪರ್ಮ್‌ನಿಂದ ವಿನಾಯಿತಿ ಇದೆ. ಆದರೆ ಅವರಲ್ಲಿ ಬಹುತೇಕರಿಗೆ ಎಚ್-1ಬಿಯ ಆಸರೆಯಿಲ್ಲ, ಕಾರ್ಡು ಬರುವವರೆಗೆ ಅಮೆರಿಕದ ನೆಲ ಮುಟ್ಟುವಂತಿಲ್ಲ. ಉಡುಪಿಯ ಎಂಜಿನಿಯರ್ ಕಾಯುವುದು ನ್ಯೂಜೆರ್ಸಿಯಲ್ಲಿ, ತಿಂಗಳ ಸಂಬಳ ಎಣಿಸುತ್ತಾ. ಕಷ್ಟ ಇಬ್ಬರಿಗೂ ಇದೆ, ತೂಕ ಒಂದೇ ಅಲ್ಲ.

ಶೇ 7 ಎಂಬುದು ಕಬ್ಬಿಣದ ಮುಚ್ಚಳವೂ ಅಲ್ಲ. ಬೇರೆ ದೇಶದವರು ಬಳಸದೆ ಉಳಿದದ್ದು ಅದೇ ವರ್ಗದ ಅತ್ಯಂತ ಹಳೆಯ ಡೇಟಿನವರಿಗೆ ಹರಿಯುತ್ತದೆ, ಅಂದರೆ ಹೆಚ್ಚಾಗಿ ಭಾರತಕ್ಕೆ. ಕೋವಿಡ್‌ನಲ್ಲಿ ಕುಟುಂಬ ವೀಸಾಗಳು ಖರ್ಚಾಗದೆ 2022ರ ಸೆಪ್ಟೆಂಬರ್‌ಗೆ ಮುಗಿದ ಆರ್ಥಿಕ ವರ್ಷದಲ್ಲಿ ಉದ್ಯೋಗ ವರ್ಗದ ಮಿತಿ 2,81,507ಕ್ಕೆ ಏರಿದಾಗ ಭಾರತದ ಇಬಿ-2 ಡೇಟ್ 2014ರ ಡಿಸೆಂಬರ್‌ವರೆಗೆ ಓಡಿತ್ತು. ಗೆರೆ ಆಗಲೂ ಇತ್ತು! ಸಂಖ್ಯೆ ಇಳಿಯಿತು, 2022ರ ಡಿಸೆಂಬರ್‌ನಲ್ಲಿ ಡೇಟ್ 2011ರ ಅಕ್ಟೋಬರ್‌ಗೆ ಜಾರಿತು. ಅದೇ ತಿಂಗಳಿನಿಂದ ಉಳಿದ ದೇಶಗಳ ಇಬಿ-2ಗೂ ಸರತಿ ಶುರುವಾಗಿ, ಹರಿದುಬರುತ್ತಿದ್ದ ನೀರೂ ನಿಂತಿತು. ಸಾಲನ್ನು ಓಡಿಸಿದ್ದು ಯಾವುದು, ನಿಲ್ಲಿಸಿದ್ದು ಯಾವುದು, ಇಲ್ಲಿ ಸ್ಪಷ್ಟ.

ಗೆರೆಗಾಗಿ ಕಾದಾಡಿದಷ್ಟೂ ವಲಸಿಗರು ವಲಸಿಗರ ಮೇಲೆಯೇ ಬೀಳುತ್ತಾರೆ. ಭಾರತದವರ ಗುಂಪು ಒಂದು ಕಡೆ, ಇರಾನ್, ಬ್ರೆಜಿಲ್‌ನವರು ಇನ್ನೊಂದು ಕಡೆ. ಅಮೆರಿಕದ ಸಂಸತ್ತಿಗೆ ಕೈ ತೊಳೆದುಕೊಳ್ಳಲು ಇದಕ್ಕಿಂತ ಅನುಕೂಲ ಬೇಕೆ? ಕೇಳಬೇಕಾದದ್ದು ಬೇರೆಯೇ ಇದೆ. ಸಂಗಾತಿ-ಮಕ್ಕಳನ್ನು ಎಣಿಕೆಯಿಂದ ಬಿಡಿ. ಅದೇ 1,40,000ದಲ್ಲಿ ಸರಿಸುಮಾರು ಎರಡರಷ್ಟು ಕೆಲಸಗಾರರು ದಾಟುತ್ತಾರೆ. 2021ರ ಆರ್ಥಿಕ ವರ್ಷದಲ್ಲಿ ಕಚೇರಿಗಳು ಸಮಯಕ್ಕೆ ಕಡತ ಮುಗಿಸದೆ ಸುಮಾರು 66 ಸಾವಿರ ಉದ್ಯೋಗ ವೀಸಾಗಳು ವ್ಯರ್ಥವಾದವು. ಅವನ್ನು ಮರಳಿ ಕೊಡಿ. ಇದರಿಂದ ಮನಿಲಾದ ನರ್ಸನ್ನು ಹಿಂದಕ್ಕೆ ತಳ್ಳಬೇಕಾಗುವುದಿಲ್ಲ.