ಒಂಬತ್ತು ಚುಕ್ಕೆಗಳ ಮುಂದೆ

ಎಲ್ಲವನ್ನೂ ಅಳಿಸಿಹಾಕಿಸಿಕೊಂಡ ಮೇಲೆ ಫೋನು ನನ್ನನ್ನು ಕೇಳಿದ್ದು ಇಷ್ಟೇ: ನಿಮ್ಮ ಹಳೆಯ ಪ್ಯಾಟರ್ನ್ ಎಳೆಯಿರಿ. ಅದು ಮರೆತುಹೋದದ್ದಕ್ಕೇ ಅಲ್ಲವೇ ಮಾರಾಯ, ನಾನು ಎಲ್ಲವನ್ನೂ ಅಳಿಸಿದ್ದು!

ಹಿಂದಿನ ರಾತ್ರಿ ಮಲಗುವ ಹೊತ್ತಿಗೆ ಬುದ್ಧಿವಂತಿಕೆ ಉಕ್ಕಿ ಬಂದಿತ್ತು. ಒಂಬತ್ತು ಚುಕ್ಕೆಗಳ ನಡುವೆ ನಿಯಮ ಮೀರದೆ ಎಳೆಯಬಹುದಾದ ಪ್ಯಾಟರ್ನ್‌ಗಳು 3,89,112 ಇವೆಯಂತೆ. ಅಷ್ಟರಲ್ಲಿ ಯಾವ ಕಳ್ಳನಿಗೂ ಹೊಳೆಯದಂಥದ್ದನ್ನು ಆರಿಸಿಕೊಂಡೆ ಎಂದು ಬೀಗುತ್ತ ನಿದ್ದೆ ಹೋದೆ. ಬೆಳಗ್ಗೆ ಎದ್ದಾಗ ಹೆಮ್ಮೆ ಇತ್ತು, ಗೆರೆ ಇರಲಿಲ್ಲ. ಬೆರಳನ್ನು ಗಾಳಿಯಲ್ಲಿ ಆಡಿಸಿ ನೋಡಿದೆ. ಕಣ್ಣು ಮುಚ್ಚಿ ಎಳೆದೆ. ತಪ್ಪಿದಂತೆಲ್ಲ ಅದು ಕಾಯಿಸಿತು, ಮತ್ತೆ ತಪ್ಪಿದರೆ ಇನ್ನಷ್ಟು ಕಾಯಿಸಿತು. ಕೊನೆಗೆ ರೋಸಿ, ಪವರ್ ಗುಂಡಿಯನ್ನೂ ಧ್ವನಿಯ ಗುಂಡಿಯನ್ನೂ ಒಟ್ಟಿಗೆ ಅದುಮಿ ಹಿಡಿದೆ. ಕಪ್ಪು ಪರದೆಯ ಮೇಲೆ ಇರುವೆಯಂಥ ಅಕ್ಷರಗಳ ಪಟ್ಟಿಯೊಂದು ಮೂಡಿತು. ಅಲ್ಲಿ ಬೆರಳಿಟ್ಟರೆ ಏನೂ ಆಗುವುದಿಲ್ಲ. ಧ್ವನಿಯ ಗುಂಡಿಯನ್ನೇ ಒತ್ತುತ್ತ ಒಂದೊಂದೇ ಸಾಲು ಕೆಳಗಿಳಿಯಬೇಕು. ಇಳಿದೆ, ಒತ್ತಿದೆ, ಅಳಿಸಿದೆ.

ಅದಕ್ಕೆ ಎಲ್ಲವೂ ಮರೆತುಹೋಯಿತು. ಮಗಳ ಫೋಟೋಗಳು, ಆರು ವರ್ಷಗಳ ಸಂದೇಶಗಳು, ಬೆಳಗಿನ ಅಲಾರಂ ಯಾವುದೂ ಉಳಿಯಲಿಲ್ಲ. ಅನುಮಾನವೊಂದನ್ನು ಮಾತ್ರ ಜೋಪಾನ ಮಾಡಿಕೊಂಡಿತ್ತು. ಅಳಿಸುವ ಕೈ ತಲುಪದ ಪ್ರತ್ಯೇಕ ಮೂಲೆಯೊಂದು ಅದರ ನೆನಪಿನಲ್ಲಿ ಇರುತ್ತದೆಯಂತೆ. ಹಳೆಯ ಪ್ಯಾಟರ್ನ್ ಎಳೆಯಬೇಕು, ಇಲ್ಲವೇ ಫೋನಿನಲ್ಲಿ ಮೊದಲಿದ್ದ ಗೂಗಲ್ ಖಾತೆಯ ವಿಳಾಸವನ್ನೂ ಪಾಸ್‌ವರ್ಡನ್ನೂ ಕೊಡಬೇಕು. ನಾನು ನಾನೇ ಎಂದು ರುಜುವಾತು ಮಾಡಬೇಕು.

ಇಂಥ ಪರೀಕ್ಷೆಯಲ್ಲಿ ನಾನು ಮೊದಲೂ ಒಮ್ಮೆ ನಪಾಸಾಗಿದ್ದೇನೆ. ಇಪ್ಪತ್ತರ ಹರೆಯದಲ್ಲಿ ಬ್ಯಾಂಕಿನಲ್ಲಿ ಖಾತೆ ತೆರೆದಾಗ, ಮುಂದೆ ದೊಡ್ಡ ಮನುಷ್ಯನಾಗುವವನ ಸಹಿ ಹೀಗೇ ಇರಬೇಕೆಂದು ಯೋಚಿಸಿ ಯೋಚಿಸಿ ಒಂದು ಸಹಿ ಹಾಕಿದ್ದೆ. ಮೊದಲ ಅಕ್ಷರಕ್ಕೆ ಎರಡು ಸುತ್ತು. ಕೊನೆಯ ಅಕ್ಷರದಿಂದ ಹೊರಟ ಬಾಲ ಇಡೀ ಹೆಸರಿನ ಅಡಿಯಲ್ಲಿ ಹಿಂದಕ್ಕೆ ಓಡಿ, ತುದಿಯಲ್ಲಿ ಎರಡು ಚುಕ್ಕೆಗಳಾಗಿ ನಿಲ್ಲುತ್ತಿತ್ತು. ಆ ಎರಡು ಚುಕ್ಕೆಗಳು ಯಾಕೆ ಬೇಕಾಗಿದ್ದವೋ ದೇವರೇ ಬಲ್ಲ. ದೊಡ್ಡ ಮನುಷ್ಯನಾಗಲಿಲ್ಲ, ಸಹಿಯೂ ವರ್ಷದಿಂದ ವರ್ಷಕ್ಕೆ ಸೊರಗಿ, ಹಾಜರಿ ಪುಸ್ತಕದಲ್ಲಿ ಎರೆಹುಳುವಿನಂತಾಯಿತು. ಹದಿನೈದು ವರ್ಷಗಳ ಮೇಲೆ ಒಂದು ದಿನ ಅದೇ ಖಾತೆಯಿಂದ ಹಣ ತೆಗೆಯಲು ಹೋದೆ. ಕೌಂಟರಿನಲ್ಲಿದ್ದ ಗುಮಾಸ್ತರು ಚೀಟಿಯನ್ನೂ ನನ್ನ ಮುಖವನ್ನೂ ನೋಡಿ, "ಸಹಿ ತಾಳೆಯಾಗುತ್ತಿಲ್ಲವಲ್ಲ" ಎಂದರು. ಇನ್ನೊಮ್ಮೆ ಹಾಕಿದೆ. ಅದು ಮೊದಲಿನ ಎರೆಹುಳುವಿಗೂ ತಾಳೆಯಾಗಲಿಲ್ಲ. ನನ್ನ ಹಿಂದೆ ಸರತಿಯಲ್ಲಿದ್ದವರೊಬ್ಬರು ಗಂಟಲು ಸರಿಮಾಡಿಕೊಂಡರು. ಬೇರೆಯವರ ಹಣಕ್ಕೆ ಕೈ ಹಾಕಿದವನಂತೆ ನಾನು ಬೆವರಿದೆ. ಮೂರನೆಯ ಚೀಟಿ ಕೊಡುವಾಗ ಗುಮಾಸ್ತರು ಮಾದರಿ ಸಹಿಯ ಕಾರ್ಡನ್ನು ಮೇಜಿನ ಮೇಲಿಟ್ಟು, ಅಂಗೈಯಿಂದ ಮುಚ್ಚಿ, ಪಕ್ಕದವರ ಜೊತೆ ಏನೋ ಮಾತಿಗೆ ತಿರುಗಿದರು. ಅಂಗೈ ಪೂರ್ತಿ ಮುಚ್ಚಿರಲಿಲ್ಲ. ಬೆರಳುಗಳ ಸಂದಿಯಿಂದ ಒಂದು ಸುತ್ತು, ಬಾಲದ ತುಂಡು, ಆ ಎರಡು ಚುಕ್ಕೆಗಳು ಇಣುಕಿದವು. ಮಾತು ಮುಗಿಸದೆಯೇ ಅವರು, "ಬಾಲ ಕೆಳಗಿನಿಂದ ಹೋಗುತ್ತದೆ" ಎಂದರು. ನನಗೋ ಪಕ್ಕದವರಿಗೋ ಹೇಳಿದ್ದೆಂದು ಇಂದಿಗೂ ಗೊತ್ತಿಲ್ಲ. ಹಣ ಎಣಿಸಿ ಕೊಟ್ಟರು. ನಿಯಮದ ಪ್ರಕಾರ ಅವರು ಮಾಡಿದ್ದು ತಪ್ಪೇ. ನಾನು ನಾನಲ್ಲದೆ ಬೇರೊಬ್ಬನಾಗಿದ್ದರೆ ಅವರ ನೌಕರಿಗೇ ಕುತ್ತು ಬರುತ್ತಿತ್ತು.

ಫೋನಿಗೆ ಅಂಥ ಅಂಗೈ ಇಲ್ಲ. ಇರಬಾರದು ಎಂಬುದೂ ಗೊತ್ತು. ಕದ್ದ ಫೋನನ್ನು ಅಳಿಸಿ ಮಾರುವ ಕಸುಬು ಹೆಚ್ಚಿತೆಂದೇ ಈ ಬೀಗ ಹುಟ್ಟಿದ್ದು. 2013ರಲ್ಲಿ ಐಓಎಸ್ 7ರ ಜೊತೆ ಐಫೋನಿಗೆ ಬಂತು, 2015ರಲ್ಲಿ ಆಂಡ್ರಾಯ್ಡ್ 5.1ಕ್ಕೆ ಬಂತು, ಅದೇ ವರ್ಷದ ಜುಲೈ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಮಾರುವ ಹೊಸ ಫೋನುಗಳಿಗೆ ಇಂಥ ರಕ್ಷಣೆ ಇರಲೇಬೇಕೆಂದು ಕಾನೂನೂ ಆಯಿತು. ಒಳ್ಳೆಯದೇ. ಆದರೆ ಕಳ್ಳನಿಗೆ ಹಾಕಿದ ಬೀಗದ ಹೊರಗೆ ಮನೆಯ ಯಜಮಾನ ಬನಿಯನ್ನಿನಲ್ಲಿ ನಿಂತಿರುವಾಗ ಯಾರಾದರೂ ಬೀಗದ ಗುಣಗಾನ ಮಾಡಿದರೆ ಮೈ ಉರಿಯುತ್ತದೆ. ಮಗಳು ಮಾಡಿದಳು. "ಬ್ಯಾಕಪ್ ಇಟ್ಟಿರಲಿಲ್ಲವೇ ಅಪ್ಪ?" ಎಂದೂ ಕೇಳಿದಳು. ಈ ಪ್ರಶ್ನೆಯನ್ನು ಕೇಳುವವರೆಲ್ಲ ಉತ್ತರ ಗೊತ್ತಿದ್ದೇ ಕೇಳುತ್ತಾರೆ.

ಎರಡೇ ನಿಮಿಷದಲ್ಲಿ ಬೀಗ ಮುರಿಯುವುದನ್ನು ತೋರಿಸುವ ವಿಡಿಯೋಗಳು ರಾಶಿ ರಾಶಿ ಇವೆ. ಒಂದನ್ನು ನೋಡಿದೆ. ತಂತ್ರಾಂಶವೊಂದನ್ನು ಇಳಿಸಿಕೊಳ್ಳಿ ಎಂದ ಆ ಪುಣ್ಯಾತ್ಮ ಮುಖವನ್ನೇ ತೋರಿಸಲಿಲ್ಲ. ನನ್ನ ಮನೆಗೆ ನಾನೇ ಕನ್ನ ಹಾಕಲು ಇನ್ನೊಬ್ಬ ಕಳ್ಳನನ್ನು ಕರೆದೊಯ್ಯುವುದು ಬೇಡವೆನಿಸಿತು.

ಖಾತೆಯ ಪಾಸ್‌ವರ್ಡ್ ನನಗೆ ನೆನಪಿರಲಿಲ್ಲ ಎಂದು ಬೇರೆ ಹೇಳಬೇಕೇ? ಮರೆತವರಿಗೆ ಒಂದು ಕೋಡ್ ಕಳುಹಿಸುತ್ತಾರೆ. ಅದು ಹೋಗುವುದು ಇದೇ ಫೋನಿನ ಸಂಖ್ಯೆಗೆ. ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದೆ. ಮಗಳು ಬಂದು, ಸೂಜಿಯಿಂದ ಸಿಮ್ ಎಬ್ಬಿಸಿ ಅವಳ ಅಮ್ಮನ ಫೋನಿಗೆ ಹಾಕಿದಳು. ಸಂಖ್ಯೆ ಇರುವುದು ಸಿಮ್ಮಿನಲ್ಲಿ, ಫೋನಿನಲ್ಲಲ್ಲ. ಇಷ್ಟು ಹೊಳೆಯದವನು ಯಾವ ಕಳ್ಳನಿಗೂ ಹೊಳೆಯದ ಗೆರೆ ಎಳೆದಿದ್ದೆ! ನಾನು ದಿನವೂ ಬಳಸುವ ಹಳೆಯ ಲ್ಯಾಪ್‌ಟಾಪಿನಲ್ಲೇ ಅರ್ಜಿ ತುಂಬಿಸಿದಳು; ಪರಿಚಿತ ಯಂತ್ರದಿಂದ ಕೇಳಿದರೆ ನಂಬಿಕೆ ಹೆಚ್ಚಂತೆ. ಮನುಷ್ಯನಿಗಿಂತ ಅವನ ಲ್ಯಾಪ್‌ಟಾಪಿನ ಮಾತಿಗೆ ಬೆಲೆ. ಆಗಲಿ.

ಕೋಡ್ ಬಂತು, ಪಾಸ್‌ವರ್ಡ್ ಬದಲಾಯಿತು, ಫೋನು ತೆರೆದುಕೊಂಡು ಸ್ವಾಗತ ಕೋರಿತು. ಮೊದಲ ಕೆಲಸವಾಗಿ, ಹೊಸ ಪ್ಯಾಟರ್ನ್ ಎಳೆಯಿರಿ ಎಂದಿತು. ಎಳೆದೆ. ದೃಢಪಡಿಸಲು ಇನ್ನೊಮ್ಮೆ ಎಳೆಯಿರಿ ಎಂದಿತು. ಎಳೆದೆ. ಎರಡೂ ಒಂದೇ ಅಲ್ಲವಂತೆ.

"ಅಪ್ಪ, ಮೊದಲ ಸಲ ಕೊನೆಯ ಚುಕ್ಕೆಗೆ ಎಡಕ್ಕೆ ತಿರುಗಿದ್ದೆ ನೀನು" ಎಂದಳು ಮಗಳು, ಹಿಂದಿನಿಂದ.

ಅವಳನ್ನು ಕೋಣೆಯಿಂದ ಹೊರಗೆ ಕಳುಹಿಸಿ, ಮೂರನೆಯದೊಂದನ್ನು ಯೋಚಿಸುತ್ತ ಕುಳಿತೆ.