ಶರಾವತಿಗಾಗಿ ಮಾತಾಡುವವರ ಬಾಯಿ ಮುಚ್ಚಿಸಬೇಡಿ
ಹೆದ್ದಾರಿ ತಡೆಗೆ ಜೂಮ್‌ನಲ್ಲಿ ಸಭೆ ಮಾಡಿದ್ದಕ್ಕೆ 2024ರಲ್ಲಿ ಬ್ರಿಟನ್ ಕೋರ್ಟು ಐವರು ಹವಾಮಾನ ಹೋರಾಟಗಾರರಿಗೆ ನಾಲ್ಕೈದು ವರ್ಷ ಜೈಲು ಕೊಟ್ಟಿದ್ದು ಓದಿ ಸಿಟ್ಟು ಬಂತು. ಮೇಲ್ಮನವಿಯಲ್ಲಿ ಸ್ವಲ್ಪ ಇಳಿಸಿದರು, ಅಷ್ಟೇ. ನಮ್ಮಲ್ಲೂ 2021ರಲ್ಲಿ ರೈತ ಹೋರಾಟ ಬೆಂಬಲಿಸುವ ‘ಟೂಲ್‌ಕಿಟ್’ ಎಂಬ ಆನ್‌ಲೈನ್ ಕೈಪಿಡಿಯ ನೆಪದಲ್ಲಿ ಬೆಂಗಳೂರಿನ ಹವಾಮಾನ ಹೋರಾಟಗಾರ್ತಿ ದಿಶಾ ರವಿಯನ್ನು ಬಂಧಿಸಿದರು ಅಲ್ವಾ?

ನಮ್ಮ ಸಾಗರದ ಕಡೆ ಸಿಂಗಳೀಕಗಳ ಅಭಯಾರಣ್ಯದಲ್ಲಿ 2000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆ ಪಂಪ್ ಮಾಡಿಟ್ಟು, ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವ) ಯೋಜನೆ ತರಲು ಹೊರಟಿದ್ದಾರೆ. ಬೇಡ ಅಂತ ಮೆರವಣಿಗೆ ಹೊರಡಬೇಕೆಂದರೆ ಮೊದಲು ಪೊಲೀಸರಿಗೆ ಅರ್ಜಿ, ಆಮೇಲೆ ಸಹಿ ಹಾಕಿದವರ ಫೋನ್ ನಂಬರು, ಕೊನೆಗೆ ‘ಏನಾದ್ರೂ ಆದ್ರೆ ನಾವೇ ಹೊಣೆ’ ಎಂಬ ಮುಚ್ಚಳಿಕೆ. ಕೆಲಸ ಹುಡುಕುತ್ತಿರುವ ಹುಡುಗರು ಅಲ್ಲೇ ಹಿಂದೆ ಸರಿಯುತ್ತಾರೆ. ಅವರನ್ನು ಬೈಯಲಾರೆ. 1983ರಲ್ಲಿ ಶಿರಸಿಯ ಸಾಲ್ಕಣಿಯವರು ಮರ ಕಡಿಯದಂತೆ ಅಪ್ಪಿಕೊಳ್ಳಲು ಯಾರ ಅನುಮತಿಯನ್ನೂ ಕಾಯಲಿಲ್ಲ. ಶಾಂತವಾಗಿ ಸೇರುವ ಹಕ್ಕನ್ನು ಸಂವಿಧಾನದ 19ನೇ ವಿಧಿಯೇ ಕೊಟ್ಟಿದೆ. ಅನುಮತಿ ಕೊಡದಿದ್ದರೆ ಕಾರಣವನ್ನಾದರೂ ಬರೆದುಕೊಡಿ.