ಹೇಂಟೆಯ ಲೆಕ್ಕ
ಕೋಳಿ ಸಾಕುತ್ತೇನೆ ಅಂದಾಗ ಮನೆಯವಳು ಕೇಳಿದ್ದು ಒಂದೇ ಮಾತು: "ಸಾಕೋದಕ್ಕೋ, ಸಾರಿಗೋ?" ಉತ್ತರ ಕೊಡದೆ ಸಂತೆಗೆ ಹೊರಟೆ.

ಗಿರಿರಾಜ ತರುವ ಆಸೆಯಿತ್ತು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ತಳಿ, ಮೈಕೈ ತುಂಬಿಕೊಂಡು ಬೆಳೆಯುತ್ತದೆ. ಪಕ್ಕದ ತೋಟದ ಅಜ್ಜಿ ತಡೆದರು. "ಅದು ಮೊಟ್ಟೆ ಇಕ್ತದೆ, ಕಾವಿಗೆ ಕೂರಾಕಿಲ್ಲ ಕಣಪ್ಪ. ನಿಂಗೆ ಮೊಟ್ಟೆ ಬೇಕೋ, ಸಂಸಾರ ಬೇಕೋ?" ಸಂಸಾರವೇ ಇರಲೆಂದು ಮೂರು ನಾಟಿ ಹೇಂಟೆ, ಒಂದು ಹುಂಜ ತಂದೆ.

ಅಷ್ಟಕ್ಕೇ ನಿಲ್ಲಬೇಕಿತ್ತು. ಗೆಳೆಯನೊಬ್ಬ ಗಿನಿ ಕೋಳಿಯ ಎಂಟು ಮೊಟ್ಟೆ ಕೈಗಿಟ್ಟ. ಆಫ್ರಿಕಾ ಮೂಲದ ಹಕ್ಕಿ. ಬೂದು ಮೈತುಂಬ ರಂಗೋಲಿ ಚುಕ್ಕಿ, ಬೋಳು ತಲೆ. ಹುಳಹುಪ್ಪಟೆ, ಉಣ್ಣಿ ಹೆಕ್ಕುತ್ತದೆ, ಅಪರಿಚಿತರು ಬಂದರೆ ಬೀದಿಯನ್ನೇ ಎಬ್ಬಿಸುತ್ತದೆ. ಇದರಲ್ಲಿ ಹೆಣ್ಣು ಗಂಡು ತಿಳಿಯಲು ಕಣ್ಣಿಗಿಂತ ಕಿವಿ ಮೇಲು. ಹೆಣ್ಣು ಎರಡು ಅಕ್ಷರ ಕೂಗುತ್ತದೆ. ನನಗಂತೂ ಅದು "ಯಾಕ್ರೀ, ಯಾಕ್ರೀ" ಅಂತಲೇ ಕೇಳಿಸುತ್ತದೆ. ಗಂಡಿಗೆ ಎರಡನೆಯ ಅಕ್ಷರ ಬಾಯಿಗೆ ಬರುವುದೇ ಇಲ್ಲ. ನಮ್ಮ ಮನೆಯಲ್ಲೂ ಹಾಗೆಯೇ.

ಕಾವು ಬಂದ ಕೆಂಪು ಹೇಂಟೆಯನ್ನು ಹುಲ್ಲು ಹಾಸಿದ ಮಂಕರಿಯಲ್ಲಿ ಕೂರಿಸಿ, ಗಿನಿ ಮೊಟ್ಟೆ ಎಂಟು, ನಾಟಿ ಮೊಟ್ಟೆ ಐದು ಇಟ್ಟೆ. ಒಟ್ಟು 13. ಬೆಸ ಸಂಖ್ಯೆಯಾಗಿರಬೇಕೆಂಬ ಅಜ್ಜಿಯ ಕಟ್ಟಳೆಯನ್ನು ಪಾಲಿಸಿದೆನೆಂದು ಬೀಗಿದ್ದೆ. ಲೆಕ್ಕ ತಪ್ಪಿದ್ದು ಬೇರೆ ಕಡೆ. 21ನೇ ದಿನ ನಾಲ್ಕು ನಾಟಿ ಮರಿ ಚಿಂವ್ ಅಂದವು. ಗಿನಿ ಮೊಟ್ಟೆ ಮಾತ್ರ ಕಲ್ಲಿನಂತೆ ಮಲಗಿದ್ದವು. ಹೇಂಟೆಗೆ ಒಳಗೊಳಗೇ ಚಡಪಡಿಕೆ: ಮರಿ ಬಂತು, ಇನ್ನು ಮೇಯಿಸಲು ಹೊರಡಬೇಕು. ಅಜ್ಜಿ ಬಂದು ನೋಡಿ ತಲೆ ಚಚ್ಚಿಕೊಂಡರು. "ಗಿನಿಗೆ ನಾಕು ವಾರ ಬೇಕು. ಅದ್ನ ಒಂದು ವಾರ ಮುಂಚೆ ಇಕ್ಕಿ, ಆಮೇಲೆ ನಾಟೀವು ಇಕ್ಕೋದಲ್ವಾ?"

ಮರಿಗಳನ್ನು ರಟ್ಟಿನ ಪೆಟ್ಟಿಗೆಗೆ ಹಾಕಿ, ಮೇಲೆ ಬಲ್ಬು ಇಳಿಬಿಟ್ಟೆ. ಮೊದಲ ವಾರ ಅವಕ್ಕೆ ಸುಮಾರು 35 ಡಿಗ್ರಿ ಬೆಚ್ಚಗಿರಬೇಕು. ಪೆಟ್ಟಿಗೆ ಅಡುಗೆಮನೆಗೆ ಹೋಯಿತು. ಮರಿಯ ದನಿ ಕಿವಿಗೆ ಬಿದ್ದರೆ ತಾಯಿ ಮೊಟ್ಟೆ ಬಿಟ್ಟು ಎದ್ದಾಳೆಂಬ ಭಯ. ಆರು ದಿನ ನನಗೆ ಅವಳ ಮುಖ ನೋಡಲಾಗಲಿಲ್ಲ. 27ನೇ ದಿನ ಆರು ಗಿನಿ ಮರಿ ಬಂದವು, ಅಳಿಲಿನಂತೆ ಬೆನ್ನಮೇಲೆ ಗೆರೆ. ಅಂದು ರಾತ್ರಿ ಕತ್ತಲಲ್ಲಿ ನಾಟಿ ಮರಿಗಳನ್ನೂ ಮೆಲ್ಲಗೆ ಅವಳ ರೆಕ್ಕೆಯಡಿ ನೂಕಿದೆ. ಬೆಳಿಗ್ಗೆ ಎದ್ದು ಹತ್ತನ್ನೂ ಕರೆದುಕೊಂಡು ನಡೆದಳು. ಎಣಿಸಲಿಲ್ಲ.

ಕೋಳಿಗಳಿಗೆ ಮಾರಕವಾದ ಕೊಕ್ಕರೆ ರೋಗ ಬಾರದಿರಲೆಂದು ಮರಿಗಳ ಕಣ್ಣಿಗೊಂದು ಹನಿ ಲಸಿಕೆ ಹಾಕಿಸಿದೆ. ಒಂದು ನಾಟಿ ಮರಿಯನ್ನು ಕಾಗೆ ಒಯ್ಯಿತು. ಇಬ್ಬನಿ ಆರುವ ಮುಂಚೆ ಹುಲ್ಲಿಗೆ ಬಿಟ್ಟ ತಪ್ಪಿಗೆ ಎರಡು ಗಿನಿ ಮರಿ ತೊಯ್ದು ನಡುಗಿ ಸತ್ತವು. ಅಜ್ಜಿ ಬೈಯಲಿಲ್ಲ, ಅದೇ ಹೆಚ್ಚು ನಾಟಿತು.

ಉಳಿದ ನಾಲ್ಕು ಗಿನಿಗಳಿಗೆ ಒಂದೂವರೆ ತಿಂಗಳು ತುಂಬುವ ಹೊತ್ತಿಗೆ, ಒಂದು ಸಂಜೆ ನಾಟಿ ಮರಿಗಳು ಗೂಡು ಸೇರಿದವು. ಗಿನಿಗಳು ಪಟಪಟನೆ ಹಾರಿ ಹಿತ್ತಲ ನುಗ್ಗೆಮರ ಏರಿ ಕೂತವು. ಹೇಂಟೆ ಬುಡದಲ್ಲಿ ನಿಂತು ಕ್ಲಕ್ ಕ್ಲಕ್ ಎಂದು ಕರೆದಳು, ಕತ್ತು ವಾರೆ ಮಾಡಿ ಒಂದೇ ಕಣ್ಣಲ್ಲಿ ಮೇಲೆ ನೋಡಿದಳು, ಮತ್ತೆ ಕರೆದಳು. ಗೂಡಿನ ಬಾಗಿಲು ಹಿಡಿದುಕೊಂಡು ನಾನೂ ಕಾಯುತ್ತ ನಿಂತೆ.